ಆಪರೇಷನ್ ಆಗದು ಅಂದ ಮೇಲೆ

ಯಕೃತ್ತಿನ ಕ್ಯಾನ್ಸರ್‌ಗೆ ಕತ್ತಿ ತಾಗಿಸುವ ಹಾಗಿಲ್ಲ ಎಂದು ವೈದ್ಯರು ಹೇಳಿದರೆ ಮುಂದೇನು? ರಕ್ತನಾಳದೊಳಗೆ ಹರಿದು ಗಡ್ಡೆಯಲ್ಲೇ ನಿಲ್ಲುವ ಗಾಜಿನ ಕಣಗಳು, ಉಸಿರಿನ ಲಯ ಹಿಡಿದು ಬೀಳುವ ಕಿರಣಗಳು: ದಾರಿಗಳಿವೆ. ಅವು ಯಾರಿಗೆ ಒಗ್ಗುತ್ತವೆ, ಯಾರ ಕೈಗೆ ಎಟುಕುತ್ತವೆ? ಜುಲೈ 28ರ ವಿಶ್ವ ಹೆಪಟೈಟಿಸ್ ದಿನದ ಹೊತ್ತಿನಲ್ಲಿ, ಹೈದರಾಬಾದಿನ ಸನತ್‌ನಗರದಿಂದ ಒಂದು ನೋಟ.

ಬೆಳಗಿನ ಎಂಟು ಗಂಟೆಗೆ ಮುಂಬೈ ಹೆದ್ದಾರಿ ಎರ್ರಗಡ್ಡದ ಹತ್ತಿರ ಕಿಕ್ಕಿರಿದು ನಿಂತಿರುತ್ತದೆ. ತಲೆಯ ಮೇಲೆ ಮೆಟ್ರೊ, ಕೆಳಗೆ ಬಸ್ಸು, ಆಟೊ, ರೈತು ಬಜಾರಿಗೆ ತರಕಾರಿ ತಂದ ಗಾಡಿಗಳು. ಜಹೀರಾಬಾದ್, ಸಂಗಾರೆಡ್ಡಿ, ಪಟಾನ್‌ಚೆರು ದಾಟಿ ಬರುವ ಬೀದರ್ ಬಸ್ಸುಗಳ ಬೋರ್ಡು ಮಾತ್ರ ಕನ್ನಡದಲ್ಲಿ.

ಮಳೆಗಾಲದಲ್ಲಿ ಆ ಕಡೆಯಿಂದ ಬಂದು ಇಳಿಯುವವರಲ್ಲಿ ಆಸ್ಪತ್ರೆಗೆ ಹೊರಟವರನ್ನು ದೂರದಿಂದಲೇ ಗುರುತಿಸಬಹುದು. ಒಂದು ಕೈಯಲ್ಲಿ ಬುತ್ತಿಯ ಚೀಲ, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಸ್ಕ್ಯಾನಿಂಗ್ ಫಿಲಂಗಳ ದೊಡ್ಡ ಕವರು. ತಾವು ನೆನೆದರೂ ಅದು ನೆನೆಯಬಾರದು.

“ಲಿವರ್‌ನಾಗ ಗಡ್ಡಿ ಆಗ್ಯಾದ್ರಿ. ಭಾಳ ದೊಡ್ಡದಾದಂತ. ಆಪರೇಷನ್ ಆಗಂಗಿಲ್ಲಂತ.”

ಈ ಮಾತು ಹೇಳುವವರು ಸಾಮಾನ್ಯವಾಗಿ ರೋಗಿಯಲ್ಲ. ತಮ್ಮ, ಮಗ, ಇಲ್ಲವೇ ಅಳಿಯ. ರೋಗಿ ನಾಲ್ಕು ಹೆಜ್ಜೆ ಹಿಂದೆ, ಸೊಂಟಕ್ಕೆ ಕೈ ಕೊಟ್ಟು, ತನಗಾಗಿರುವುದು ಬರೀ ಕಾಮಣಿ ಎಂದುಕೊಂಡೇ ಬರುತ್ತಿರುತ್ತಾರೆ.

ಹೆದ್ದಾರಿಯ ಪಕ್ಕದಲ್ಲೇ ಕಾರ್ಮಿಕರ ವಿಮೆಯ, ಸನತ್‌ನಗರದ ಇಎಸ್‌ಐ ಆಸ್ಪತ್ರೆ. ಮೆಟ್ರೊ ನಿಲ್ದಾಣಕ್ಕೂ ಅದರದೇ ಹೆಸರು. ನಿಜಾಮರ ಕಾಲದಲ್ಲಿ ಬೆಳೆದ ಕೈಗಾರಿಕಾ ಬಡಾವಣೆ ಇದು. ಫ್ರಿಜ್ಜು, ಬಸ್ಸಿನ ಕವಚ, ಕೈಗಡಿಯಾರ ತಯಾರಿಸುತ್ತಿದ್ದ ಹೈದರಾಬಾದ್ ಆಲ್ವಿನ್ ಕಾರ್ಖಾನೆ ಈ ಭಾಗದ್ದೇ. ಬೀದರ್, ಕಲಬುರಗಿ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ದುಡಿಮೆಗೂ ಓದಿಗೂ ದವಾಖಾನೆಗೂ ಆ ಕಡೆಯ ಕನ್ನಡಿಗರು ಮುಖ ಮಾಡಿದ್ದು ಈ ಊರಿಗೇ. ರಾಜ್ಯಗಳ ಗಡಿ ಬದಲಾಯಿತು, ಬಸ್ಸಿನ ದಾರಿ ಬದಲಾಗಲಿಲ್ಲ. ಬೀದರಿನಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೆ ಒಂದು ರಾತ್ರಿಯ ಪ್ರಯಾಣ. ಹೈದರಾಬಾದಿಗೆ ಸುಮಾರು 140 ಕಿಲೊಮೀಟರ್.

ಹಾಗಾಗಿ “ಆಪರೇಷನ್ ಆಗಂಗಿಲ್ಲ” ಎಂಬ ಮಾತು ಈ ರಸ್ತೆಯ ಮೇಲೆ ಕನ್ನಡದಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಅದನ್ನು ಕೇಳಿದ ಮನೆಯವರು ಹೆಚ್ಚಾಗಿ “ಇನ್ನೇನೂ ಮಾಡಂಗಿಲ್ಲ” ಎಂದು ತಿಳಿದು ಹಿಂದಿರುಗುತ್ತಾರೆ. ನಾನು ಈ ಲೇಖನ ಬರೆಯುತ್ತಿರುವುದು ಆ ಎರಡು ಮಾತುಗಳ ನಡುವಿನ ಅಂತರಕ್ಕಾಗಿ. ಆ ಅಂತರದಲ್ಲಿ ಕೆಲವರಿಗೆ ತಿಂಗಳುಗಳಿವೆ, ಕೆಲವರಿಗೆ ವರ್ಷಗಳಿವೆ. ಇನ್ನು ಕೆಲವರಿಗೆ ನಿಜವಾಗಿಯೂ ಏನೂ ಇಲ್ಲ, ಅದನ್ನೂ ಹೇಳಬೇಕು.

ಎರಡು ಕಾಯಿಲೆ, ಒಂದೇ ಅಂಗ

ಜಗತ್ತಿನಲ್ಲಿ 2022ರ ಒಂದೇ ವರ್ಷದಲ್ಲಿ ಸುಮಾರು 8.66 ಲಕ್ಷ ಜನರಿಗೆ ಯಕೃತ್ತಿನ ಕ್ಯಾನ್ಸರ್ ಪತ್ತೆಯಾಯಿತು, 7.58 ಲಕ್ಷ ಜನ ಸತ್ತರು. ಈ ಎರಡು ಸಂಖ್ಯೆಗಳು ಎಷ್ಟು ಹತ್ತಿರ ಇವೆ ನೋಡಿ. ಕ್ಯಾನ್ಸರ್ ಸಾವುಗಳ ಪಟ್ಟಿಯಲ್ಲಿ ಇದಕ್ಕೆ ಮೂರನೆಯ ಸ್ಥಾನ.

ಇಷ್ಟು ಕ್ರೂರವಾಗಲು ಕಾರಣವಿದೆ. ಯಕೃತ್ತಿನಲ್ಲೇ ಹುಟ್ಟುವ ಕ್ಯಾನ್ಸರ್ ಸಾಮಾನ್ಯವಾಗಿ ಆರೋಗ್ಯವಂತ ಯಕೃತ್ತಿನಲ್ಲಿ ಹುಟ್ಟುವುದಿಲ್ಲ. ಹೆಪಟೈಟಿಸ್ ಬಿ ಅಥವಾ ಸಿ ವೈರಸ್, ವರ್ಷಗಟ್ಟಲೆಯ ಕುಡಿತ, ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನ ಜೊತೆ ಬರುವ ಫ್ಯಾಟಿ ಲಿವರ್ ಮೊದಲು ಅಂಗವನ್ನು ಗಾಯ ಮಾಡುತ್ತವೆ. ಗಾಯ ಮಾಯುತ್ತ ಮಾಯುತ್ತ ಯಕೃತ್ತು ಗಟ್ಟಿಯಾಗಿ ಕುಗ್ಗುತ್ತದೆ. ಅದೇ ಸಿರೋಸಿಸ್. ಆ ಗಾಯದ ನೆಲದಲ್ಲಿ ಗಡ್ಡೆ ಏಳುತ್ತದೆ.

ಅಂದರೆ ವೈದ್ಯರ ಮುಂದೆ ಇರುವುದು ಎರಡು ಕಾಯಿಲೆ. ಗಡ್ಡೆಯನ್ನು ಕತ್ತರಿಸಿ ತೆಗೆದರೆ ಉಳಿದ ಯಕೃತ್ತು ದೇಹದ ಭಾರ ಹೊರಬೇಕು. ಅದು ಆಗಲೇ ಸೋತಿದ್ದರೆ ಆಪರೇಷನ್ ಗೆದ್ದರೂ ರೋಗಿ ಸೋಲುತ್ತಾರೆ. ಗಡ್ಡೆ ದೊಡ್ಡದಿದೆ, ಎರಡೂ ಭಾಗಗಳಿಗೆ ಹರಡಿದೆ, ಪೋರ್ಟಲ್ ರಕ್ತನಾಳದೊಳಕ್ಕೆ ನುಗ್ಗಿದೆ ಎಂಬವೂ ಕತ್ತಿಯನ್ನು ತಡೆಯುವ ಕಾರಣಗಳು. ಮನೆಯವರು ಕೇಳುವುದು “ಗಡ್ಡಿ ಎಷ್ಟು ದೊಡ್ಡದಾದ?” ಎಂದು. ವೈದ್ಯರು ಅದಕ್ಕಿಂತ ಮೊದಲು ನೋಡುವುದು ಉಳಿದ ಯಕೃತ್ತಿನಲ್ಲಿ ಎಷ್ಟು ಜೀವ ಇದೆ ಎಂದು: ಬಿಲಿರುಬಿನ್ ಎಷ್ಟು, ಅಲ್ಬುಮಿನ್ ಎಷ್ಟು, ಹೊಟ್ಟೆಯಲ್ಲಿ ನೀರಿದೆಯೇ, ಮಾತು ತೊದಲುತ್ತಿದೆಯೇ. ಚೈಲ್ಡ್-ಪ್ಯೂ ಎಂಬ ಲೆಕ್ಕದಲ್ಲಿ ಇದಕ್ಕೆ ಎ, ಬಿ, ಸಿ ಎಂದು ದರ್ಜೆ. ಮುಂದಿನ ಎಲ್ಲ ದಾರಿಗಳೂ ಈ ಅಕ್ಷರದ ಮೇಲೆ ನಿಂತಿವೆ.

ಗಡ್ಡೆಗೆ ನೀರುಣಿಸುವ ಕಾಲುವೆ

ಹೊರಗಿನಿಂದ ಇಡೀ ಯಕೃತ್ತಿಗೆ ವಿಕಿರಣ ಕೊಡುವುದು ಬಹಳ ಕಾಲ ಆಗದ ಮಾತಾಗಿತ್ತು. ಗಡ್ಡೆಯನ್ನು ಸುಡಲು ಬೇಕಾದ ಪ್ರಮಾಣಕ್ಕಿಂತ ಬಹಳ ಮೊದಲೇ ಯಕೃತ್ತು ಕೈ ಚೆಲ್ಲುತ್ತಿತ್ತು. ಸುಮಾರು 30 ಗ್ರೇ (ವಿಕಿರಣದ ಅಳತೆಯ ಮಾನ) ದಾಟಿದರೆ ಅಂಗವೇ ಕೆಡುವ ಭಯ.

ದಾರಿ ಸಿಕ್ಕಿದ್ದು ಯಕೃತ್ತಿನ ಒಂದು ವಿಚಿತ್ರ ರಚನೆಯಿಂದ. ಈ ಅಂಗಕ್ಕೆ ರಕ್ತ ಎರಡು ಕಡೆಯಿಂದ ಬರುತ್ತದೆ. ಕರುಳಿನಿಂದ ಬರುವ ಪೋರ್ಟಲ್ ರಕ್ತನಾಳ ಒಂದು, ಹೃದಯದ ಕಡೆಯಿಂದ ಬರುವ ಯಕೃತ್ತಿನ ಅಪಧಮನಿ ಇನ್ನೊಂದು. ಒಳ್ಳೆಯ ಜೀವಕೋಶಗಳು ಮುಕ್ಕಾಲು ಪಾಲು ರಕ್ತವನ್ನು ಮೊದಲನೆಯದರಿಂದ ಪಡೆಯುತ್ತವೆ. ಗಡ್ಡೆ ಹೆಚ್ಚೂಕಡಿಮೆ ಪೂರ್ತಿಯಾಗಿ ಎರಡನೆಯದನ್ನೇ ನಂಬಿದೆ. 1954ರಲ್ಲಿ ಬ್ರೀಡಿಸ್ ಮತ್ತು ಯಂಗ್ ಎಂಬ ಸಂಶೋಧಕರು ಇದನ್ನು ತೋರಿಸಿಕೊಟ್ಟರು. ಒಂದೇ ಹೊಲಕ್ಕೆ ಎರಡು ಕಾಲುವೆ. ಬೆಳೆ ಒಂದರ ನೀರು ಕುಡಿಯುತ್ತದೆ, ಕಳೆ ಇನ್ನೊಂದರದು. ಕಳೆಯ ಕಾಲುವೆಗೆ ಮಾತ್ರ ಮದ್ದು ಬಿಡಬಹುದಲ್ಲ!

ಮದ್ದಾಗಿ ಒದಗಿದ್ದು ಯಿಟ್ರಿಯಂ-90. ಇದು ಹೊರಸೂಸುವ ಬೀಟಾ ಕಣಗಳು ಅಂಗಾಂಶದೊಳಗೆ ಸರಾಸರಿ ಎರಡೂವರೆ ಮಿಲಿಮೀಟರ್ ಮಾತ್ರ ಸಾಗುತ್ತವೆ, ಹೆಚ್ಚೆಂದರೆ 11 ಮಿಲಿಮೀಟರ್. ಬಿದ್ದ ಜಾಗದಲ್ಲಿ ಸುಡುತ್ತದೆ, ಪಕ್ಕದ ಮನೆಗೆ ಹೋಗುವುದಿಲ್ಲ. ಆದರೆ ಅದನ್ನು ರಕ್ತಕ್ಕೆ ನೇರ ಬಿಟ್ಟರೆ ಮೂಳೆ ಸೇರಿಬಿಡುತ್ತದೆ. ಅದನ್ನು ಯಾವುದಾದರೂ ಕಣದೊಳಗೆ ಬಿಗಿಯಾಗಿ ಕೂಡಿಹಾಕಬೇಕಿತ್ತು.

1980ರ ದಶಕದಲ್ಲಿ ಅಮೆರಿಕದ ಮಿಸೌರಿಯಲ್ಲಿ ಡೆಲ್ಬರ್ಟ್ ಡೇ ಎಂಬ ಪಿಂಗಾಣಿ-ಗಾಜಿನ ಎಂಜಿನಿಯರ್ ಮತ್ತು ಗ್ಯಾರಿ ಎರ್ಹಾರ್ಟ್ ಈ ಗಂಟು ಬಿಡಿಸಿದರು. ಗಾಜಿನೊಳಗೇ ಯಿಟ್ರಿಯಂ ಬೆರೆಸಿ, 20ರಿಂದ 30 ಮೈಕ್ರಾನ್ ಗಾತ್ರದ ಗುಂಡು ಮಾಡಿ, ಆಮೇಲೆ ಅಣು ರಿಯಾಕ್ಟರಿನಲ್ಲಿಟ್ಟು ವಿಕಿರಣಶೀಲವಾಗಿಸಿದರು. ಗಾಜು ದೇಹದಲ್ಲಿ ಕರಗುವುದಿಲ್ಲ, ಒಳಗಿನದು ಸೋರುವುದಿಲ್ಲ. ಗಾಜಿನ ಕುಲುಮೆಯ ವಿದ್ಯೆ ಕ್ಯಾನ್ಸರ್ ವಾರ್ಡಿಗೆ ಬಂದ ಈ ಕತೆ ನನಗೆ ತುಂಬ ಇಷ್ಟ. ಅದೇ ಮುಂದೆ ಥೆರಾಸ್ಫಿಯರ್ ಆಯಿತು. 1999ರಲ್ಲಿ ಅಮೆರಿಕದಲ್ಲಿ ಸೀಮಿತ ಬಳಕೆಗೆ, 2021ರಲ್ಲಿ ಪೂರ್ಣ ಅನುಮತಿ ಪಡೆಯಿತು. ಆಸ್ಟ್ರೇಲಿಯಾದ ಶಸ್ತ್ರವೈದ್ಯ ಬ್ರೂಸ್ ಗ್ರೇ ಅವರ ಪ್ರಯತ್ನದಿಂದ ಬಂದ ಸಿರ್-ಸ್ಫಿಯರ್ಸ್‌ನಲ್ಲಿ ಗಾಜಿನ ಬದಲು ರಾಳದ ಕಣಗಳಿವೆ.

ವೈದ್ಯರ ಬಾಯಲ್ಲಿ ಈ ಚಿಕಿತ್ಸೆಗೆ ಟೇರ್ ಎಂದು ಹೆಸರು. ರೋಗಿಗಳ ನಡುವೆ “ವೈ-ನೈಂಟಿ”.

ಪೆಟ್ಟಿಗೆಯೊಳಗಿನ ಸಂಗತಿ: ಯಿಟ್ರಿಯಂ-90
ಪ್ರತಿ 64 ಗಂಟೆಗೆ ಅದರ ಶಕ್ತಿ ಅರ್ಧವಾಗುತ್ತದೆ; 11 ದಿನ ಕಳೆದರೆ ಉಳಿಯುವುದು ಆರು ಪರ್ಸೆಂಟಿನಷ್ಟು. ಥೆರಾಸ್ಫಿಯರ್‌ನ ಅತಿ ಚಿಕ್ಕ ಡೋಸಿನಲ್ಲೇ ಸುಮಾರು 12 ಲಕ್ಷ ಗಾಜಿನ ಕಣಗಳಿರುತ್ತವೆ, ದೊಡ್ಡ ಡೋಸಿನಲ್ಲಿ 80 ಲಕ್ಷ. ವಿಕಿರಣ ಮುಗಿದ ಮೇಲೂ ಗಾಜು ಯಕೃತ್ತಿನಲ್ಲೇ ಉಳಿಯುತ್ತದೆ, ತೊಂದರೆ ಕೊಡುವುದಿಲ್ಲ. ಪ್ರಕೃತಿಯಲ್ಲಿ ಸಿಗುವ ಯಿಟ್ರಿಯಂ ಎಲ್ಲವೂ ಒಂದೇ ಬಗೆಯದು, 89. ರಿಯಾಕ್ಟರಿನಲ್ಲಿ ಒಂದು ನ್ಯೂಟ್ರಾನ್ ಸೇರಿದರೆ ಅದು 90 ಆಗುತ್ತದೆ.

ಎರಡು ಭೇಟಿ

ಟೇರ್ ಒಂದೇ ದಿನದ ಕೆಲಸವಲ್ಲ. ಮೊದಲ ಭೇಟಿ ದಾರಿ ನೋಡಲು, ಎರಡನೆಯದು ಮದ್ದು ಬಿಡಲು. ಊರಿನಿಂದ ಬರುವವರು ಇದನ್ನು ಮೊದಲೇ ತಿಳಿದಿದ್ದರೆ ಒಳ್ಳೆಯದು. “ಏನೂ ಮಾಡದೇ ಮನೆಗೆ ಕಳಿಸಿದ್ರು” ಎಂದು ಮೊದಲ ಭೇಟಿಯ ನಂತರವೇ ನಿರಾಶರಾಗುವವರಿದ್ದಾರೆ.

ಮೊದಲ ದಿನ ತೊಡೆಸಂದಿಯ ಅಥವಾ ಮಣಿಕಟ್ಟಿನ ನಾಳದಿಂದ ತೆಳುವಾದ ಕೊಳವೆಯನ್ನು ಯಕೃತ್ತಿನ ಅಪಧಮನಿಯವರೆಗೆ ಒಯ್ಯುತ್ತಾರೆ. ಪೂರ್ತಿ ಅರಿವಳಿಕೆ ಬೇಕಿಲ್ಲ, ಚರ್ಮ ಮರಗಟ್ಟಿಸಿದರೆ ಸಾಕು. ಯಾವ ಕವಲು ಗಡ್ಡೆಗೆ ಹೋಗುತ್ತದೆ, ಯಾವುದು ಹೊಟ್ಟೆಗೆ ತಿರುಗುತ್ತದೆ ಎಂದು ಎಕ್ಸ್‌ರೇ ಪರದೆಯ ಮೇಲೆ ನೋಡುತ್ತಾರೆ. ಹೊಟ್ಟೆಯ ಕಡೆಗೆ ಹೋಗುವ ಕವಲಿದ್ದರೆ ಅಗತ್ಯ ಬಿದ್ದಾಗ ಸಣ್ಣ ಲೋಹದ ಸುರುಳಿ ಇಟ್ಟು ಮುಚ್ಚುತ್ತಾರೆ. ಇಲ್ಲಿ ಎಡವಿದರೆ ಮುಂದೆ ಜಠರದಲ್ಲಿ ಮಾಯದ ಹುಣ್ಣು.

ಆಮೇಲೆ ಟೆಕ್ನೀಷಿಯಂ ಬೆರೆಸಿದ ಪ್ರೋಟೀನ್ ಕಣಗಳನ್ನು ಬಿಡುತ್ತಾರೆ. ಇವು ಬರೀ ಬೇಹುಗಾರರು, ಸುಡುವುದಿಲ್ಲ. ಗಾಮಾ ಕ್ಯಾಮೆರಾದಲ್ಲಿ ನೋಡಿದರೆ ಎಷ್ಟು ಕಣ ಗಡ್ಡೆಯಲ್ಲಿ ಕೂತಿತು, ಎಷ್ಟು ಯಕೃತ್ತು ದಾಟಿ ಶ್ವಾಸಕೋಶಕ್ಕೆ ಜಾರಿತು ಎಂದು ತಿಳಿಯುತ್ತದೆ. ಶ್ವಾಸಕೋಶಕ್ಕೆ ಒಂದು ಸಲಕ್ಕೆ 30 ಗ್ರೇ ದಾಟುವಂತಿದ್ದರೆ ಚಿಕಿತ್ಸೆ ಅಲ್ಲಿಗೇ ನಿಲ್ಲುತ್ತದೆ, ಇಲ್ಲವೇ ಡೋಸು ಇಳಿಯುತ್ತದೆ.

ಎರಡನೆಯ ಭೇಟಿ ಸಾಮಾನ್ಯವಾಗಿ ಒಂದೆರಡು ವಾರದ ಮೇಲೆ. ಡೋಸು ಆ ರೋಗಿಯ ಹೆಸರಿಗೇ ಅಳತೆ ಮಾಡಿಸಿ ತರಿಸಿದ್ದು. ದಪ್ಪ ಅಕ್ರಿಲಿಕ್ ಪೆಟ್ಟಿಗೆಯೊಳಗೆ ಪುಟ್ಟ ಸೀಸೆ, ಅದರಿಂದ ಕೊಳವೆ. ಕಣಗಳು ಹರಿದು ಹೋಗಲು ಕೆಲವೇ ನಿಮಿಷ ಸಾಕು. ನಂತರ ಭೌತವಿಜ್ಞಾನಿ ವಿಕಿರಣ ಅಳೆಯುವ ಮೀಟರು ಹಿಡಿದು ಸೀಸೆ, ಕೈಗವಸು, ನೆಲ ಎಲ್ಲವನ್ನೂ ತಪಾಸಣೆ ಮಾಡುತ್ತಾರೆ. ಬಹುತೇಕ ರೋಗಿಗಳು ಮಾರನೆಯ ದಿನ ಮನೆಗೆ.

ಮನೆಯಲ್ಲಿ ಕೂಸುಗಳನ್ನು ಹತ್ತಿರ ಮಲಗಿಸಿಕೊಳ್ಳಬೇಡಿ, ಗರ್ಭಿಣಿಯರು ತುಸು ದೂರವಿರಲಿ ಎಂದು ಕೆಲವು ದಿನಗಳ ಎಚ್ಚರಿಕೆ ಹೇಳುತ್ತಾರೆ. ಬೇರೆ ತಟ್ಟೆ, ಬೇರೆ ಕೋಣೆ ಎಂದು ರೋಗಿಯನ್ನು ಅಸ್ಪೃಶ್ಯರಂತೆ ಕೂರಿಸುವುದು ಬೇಕಿಲ್ಲ. ಬೀಟಾ ಕಣ ದೇಹದಾಚೆ ಬರುವುದಿಲ್ಲ.

ಸುಸ್ತು ಮಾತ್ರ ವಾರಗಟ್ಟಲೆ ಇರುತ್ತದೆ. ಸಣ್ಣ ಜ್ವರ, ಹೊಟ್ಟೆನೋವು, ಊಟ ಸೇರದಿರುವುದು. ಗಡ್ಡೆ ಕುಗ್ಗಿತೇ ಎಂದು ತಿಂಗಳೊಳಗೆ ಸ್ಕ್ಯಾನ್ ಮಾಡಿಸಿ ಕಂಗಾಲಾಗಬಾರದು. ವಿಕಿರಣದ ಫಲ ಕಾಣಲು ಮೂರರಿಂದ ಆರು ತಿಂಗಳು ಬೇಕು.

ನಮ್ಮಲ್ಲಿ ಇದಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು ಟೇಸ್: ಅದೇ ದಾರಿಯಲ್ಲಿ ಕೀಮೊ ಔಷಧ ಬಿಟ್ಟು ನಾಳವನ್ನೇ ಮುಚ್ಚುವುದು. ಅಗ್ಗ, ಹಲವು ಕಡೆ ಸಿಗುತ್ತದೆ. ಆದರೆ ಪೋರ್ಟಲ್ ನಾಳಕ್ಕೆ ಗಡ್ಡೆ ನುಗ್ಗಿದ್ದಾಗ ಉಳಿದ ಒಂದೇ ನಾಳವನ್ನೂ ಮುಚ್ಚುವುದು ಅಪಾಯ. ಗಾಜಿನ ಕಣಗಳು ಬಹಳ ಚಿಕ್ಕವು, ರಕ್ತದ ಹರಿವನ್ನು ಅಷ್ಟಾಗಿ ತಡೆಯುವುದಿಲ್ಲ. ತಡವಾಗಿ ಬರುವ ನಮ್ಮ ರೋಗಿಗಳಲ್ಲಿ ನಾಳಕ್ಕೆ ನುಗ್ಗಿದ ಗಡ್ಡೆ ಅಪರೂಪವಲ್ಲ. ಅವರಿಗೆ ಈ ವ್ಯತ್ಯಾಸ ದೊಡ್ಡದು.

ಸೋತ ಪರೀಕ್ಷೆಗಳು ಕಲಿಸಿದ್ದು

ಇಷ್ಟು ಚೆಂದದ ಉಪಾಯ ಗೆದ್ದೇ ಗೆಲ್ಲಬೇಕಿತ್ತು. ಆದರೆ ದೊಡ್ಡ ಪರೀಕ್ಷೆಗಳಲ್ಲಿ ಹಾಗಾಗಲಿಲ್ಲ.

ಫ್ರಾನ್ಸಿನಲ್ಲಿ ನಡೆದ ‘ಸಾರಾ’ ಅಧ್ಯಯನದಲ್ಲಿ 467 ರೋಗಿಗಳಿದ್ದರು. ಅರ್ಧ ಜನಕ್ಕೆ ರಾಳದ ಕಣಗಳು, ಅರ್ಧ ಜನಕ್ಕೆ ಆಗಿನ ಮುಖ್ಯ ಮಾತ್ರೆ ಸೊರಾಫೆನಿಬ್. 2017ರಲ್ಲಿ ಬಂದ ಫಲಿತಾಂಶ: ಕಣ ಪಡೆದವರ ಮಧ್ಯಮ ಆಯಸ್ಸು 8 ತಿಂಗಳು, ಮಾತ್ರೆ ನುಂಗಿದವರದು 9.9. ಏಷ್ಯಾ-ಪೆಸಿಫಿಕ್ ದೇಶಗಳ ‘ಸಿರ್ವೆನಿಬ್’ ಅಧ್ಯಯನದಲ್ಲೂ ಆಯಸ್ಸು ಹೆಚ್ಚಲಿಲ್ಲ. ಅಡ್ಡಪರಿಣಾಮ ಕಡಿಮೆ, ದಿನನಿತ್ಯದ ಬದುಕು ಸಹನೀಯ ಎಂಬುದಷ್ಟೇ ಲಾಭ. ಅಂಗೈ-ಅಂಗಾಲು ಸುಲಿಯುವ, ಭೇದಿ ನಿಲ್ಲದ ಮಾತ್ರೆಯ ಪಕ್ಕದಲ್ಲಿ ಅದು ಸಣ್ಣ ಲಾಭವಲ್ಲ. ಆದರೂ ನಿರೀಕ್ಷೆ ಇದ್ದದ್ದು ಬೇರೆ.

ಏನು ತಪ್ಪಿತ್ತು? ಆ ಕಾಲದ ಡೋಸಿನ ಲೆಕ್ಕ ಒರಟಾಗಿತ್ತು. ದೇಹದ ಗಾತ್ರ, ಯಕೃತ್ತಿನ ಗಾತ್ರ ನೋಡಿ ಕೊಡುತ್ತಿದ್ದರು. ಗಡ್ಡೆಗೆ ನಿಜವಾಗಿ ಎಷ್ಟು ತಲುಪಿತು ಎಂಬುದು ಲೆಕ್ಕದ ಕೇಂದ್ರದಲ್ಲಿ ಇರಲಿಲ್ಲ.

ಫ್ರಾನ್ಸಿನವರೇ ‘ಡೋಸಿಸ್ಫಿಯರ್’ ಎಂಬ ಇನ್ನೊಂದು ಪರೀಕ್ಷೆ ಮಾಡಿದರು. ಬರೀ 60 ರೋಗಿಗಳು. ಒಂದು ಗುಂಪಿಗೆ ಹಳೆಯ ಲೆಕ್ಕ. ಇನ್ನೊಂದು ಗುಂಪಿನಲ್ಲಿ ಪ್ರತಿಯೊಬ್ಬರ ಗಡ್ಡೆಗೂ ಕನಿಷ್ಠ 205 ಗ್ರೇ ತಲುಪುವಂತೆ ಬೇರೆ ಬೇರೆ ಲೆಕ್ಕ. 2021ರಲ್ಲಿ ಪ್ರಕಟವಾದ ಫಲಿತಾಂಶ: ಹಳೆಯ ಲೆಕ್ಕದವರ ಮಧ್ಯಮ ಆಯಸ್ಸು 10.7 ತಿಂಗಳು, ಹೊಸ ಲೆಕ್ಕದವರದು 26.6.

ಸಣ್ಣ ಪರೀಕ್ಷೆ, ಎಚ್ಚರದಿಂದಲೇ ಓದಬೇಕು. ಆದರೂ ನನ್ನ ಮಟ್ಟಿಗೆ ಈ ಇಡೀ ವಿಷಯದ ತಿರುಳು ಇಲ್ಲಿದೆ. ಅದೇ ಗಾಜು, ಅದೇ ಯಿಟ್ರಿಯಂ, ಅದೇ ಕೊಳವೆ. ಬದಲಾದದ್ದು ಅಳತೆ. ಯಂತ್ರ ಯಾವ ಕಂಪನಿಯದು ಎಂದು ಜಾಹೀರಾತು ಹಾಕುವ ಆಸ್ಪತ್ರೆಗಳಿವೆ. ಗಡ್ಡೆಗೆ ಎಷ್ಟು ಗ್ರೇ, ಒಳ್ಳೆಯ ಯಕೃತ್ತಿಗೆ ಎಷ್ಟು ಗ್ರೇ ಎಂದು ರೋಗಿಯ ಮನೆಯವರಿಗೆ ಕಾಗದದ ಮೇಲೆ ಬರೆದುಕೊಡುವ ಆಸ್ಪತ್ರೆ ನನಗೆ ಹೆಚ್ಚು ಭರವಸೆಯದು. ಈ ಪ್ರಶ್ನೆ ಕೇಳಲು ವೈದ್ಯಕೀಯ ಓದಿರಬೇಕಿಲ್ಲ.

ಒಂಟಿ ಗಡ್ಡೆ, ಎಂಟು ಸೆಂಟಿಮೀಟರ್ ಒಳಗೆ, ಯಕೃತ್ತು ಗಟ್ಟಿಮುಟ್ಟು ಎಂಬಂಥವರಿಗೆ 2022ರ ಬಾರ್ಸಿಲೋನಾ ಮಾರ್ಗಸೂಚಿ ಟೇರ್ ಅನ್ನು ಆಯ್ಕೆಗಳ ಪಟ್ಟಿಯಲ್ಲಿ ಸೇರಿಸಿದೆ. ಕೆಲವರಲ್ಲಿ ಗಡ್ಡೆ ಕುಗ್ಗಿ, ವಿಕಿರಣ ಬೀಳದ ಭಾಗ ಬೆಳೆದು, ಆಗದು ಎಂದಿದ್ದ ಆಪರೇಷನ್ನೇ ಆಗುವ ಹಂತಕ್ಕೆ ಬರುತ್ತದೆ. ಯಕೃತ್ತಿನ ಕಸಿಗೆ ಕಾಯುವವರಿಗೆ ಇದು ನಡುವಿನ ಆಸರೆ. ರೋಗ ಯಕೃತ್ತಿನಾಚೆ ಹರಡಿದ್ದರೆ ಮಾತು ಬೇರೆ. ಅಲ್ಲಿ 2020ರಿಂದ ಮೊದಲ ಸಾಲಿನಲ್ಲಿರುವುದು ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಇಂಜೆಕ್ಷನ್‌ಗಳು.

ಪೆಟ್ಟಿಗೆಯೊಳಗಿನ ಸಂಗತಿ: ಯಾರಿಗೆ ಒಗ್ಗದು
ಬಿಲಿರುಬಿನ್ 2ಕ್ಕಿಂತ ಮೇಲಿದ್ದು ಅದಕ್ಕೆ ಸರಿಪಡಿಸಬಹುದಾದ ಬೇರೆ ಕಾರಣ ಇಲ್ಲದಿದ್ದರೆ, ಹೊಟ್ಟೆಯಲ್ಲಿ ನೀರು ನಿಲ್ಲದೆ ತುಂಬುತ್ತಿದ್ದರೆ, ಕಣಗಳು ಶ್ವಾಸಕೋಶಕ್ಕೆ ಹೆಚ್ಚು ಜಾರುತ್ತಿದ್ದರೆ, ರೋಗಿ ಹಾಸಿಗೆ ಹಿಡಿದಿದ್ದರೆ ಸಾಮಾನ್ಯವಾಗಿ ಟೇರ್ ಮಾಡುವುದಿಲ್ಲ. ಸೋತ ಯಕೃತ್ತಿಗೆ ವಿಕಿರಣ ಸೇರಿದರೆ ಅದೇ ಪ್ರಾಣಕ್ಕೆ ಕುತ್ತು. ಇಂಥಲ್ಲಿ ನೋವು, ನೀರು, ನಿದ್ದೆ ನೋಡಿಕೊಳ್ಳುವ ಉಪಶಾಮಕ ಆರೈಕೆಯೇ ಸರಿಯಾದ ಚಿಕಿತ್ಸೆ. ಅದನ್ನು ಹೇಳುವ ವೈದ್ಯರು ಕೈಬಿಟ್ಟವರಲ್ಲ.

ಉಸಿರಿನ ಜೊತೆ ಓಡುವ ಗುರಿ

ಎರಡನೆಯ ದಾರಿ ಹೊರಗಿನಿಂದ. ಹೆಸರು ಎಸ್‌ಬಿಆರ್‌ಟಿ. ಹಳೆಯ ಕಾಲದಂತೆ ಇಡೀ ಯಕೃತ್ತಿಗಲ್ಲ, ಗಡ್ಡೆಯ ಅಂಚು ಹಿಡಿದು ಹಲವು ಕೋನಗಳಿಂದ ಸಣ್ಣ ಸಣ್ಣ ಕಿರಣಗಳು. ಎಲ್ಲವೂ ಸೇರುವ ಬಿಂದುವಿನಲ್ಲಿ ಮಾತ್ರ ದೊಡ್ಡ ಪೆಟ್ಟು. ಸಾಮಾನ್ಯವಾಗಿ ಮೂರರಿಂದ ಐದು ಸಲ ಬಂದರೆ ಮುಗಿಯಿತು.

ಮಿದುಳಿಗೆ ಇಂಥ ಚಿಕಿತ್ಸೆ ಮೊದಲೇ ಇತ್ತು. ತಲೆಬುರುಡೆ ಅಲುಗುವುದಿಲ್ಲ, ಗುರಿ ಸುಲಭ. ಯಕೃತ್ತು ಹಾಗಲ್ಲ, ಪ್ರತಿ ಉಸಿರಿಗೂ ಒಂದೆರಡು ಸೆಂಟಿಮೀಟರ್ ಮೇಲೆ-ಕೆಳಗೆ ಸರಿಯುತ್ತದೆ. ಸ್ಟಾಕ್‌ಹೋಮ್‌ನ ಕರೋಲಿನ್‌ಸ್ಕಾದಲ್ಲಿ ಹೆನ್ರಿಕ್ ಬ್ಲೋಮ್‌ಗ್ರೆನ್ ಮತ್ತು ಇಂಗ್ಮಾರ್ ಲಾಕ್ಸ್ 1990ರ ದಶಕದ ಆರಂಭದಲ್ಲಿ ದೇಹವನ್ನು ಹಿಡಿದಿಡುವ ಚೌಕಟ್ಟು, ಹೊಟ್ಟೆಯನ್ನು ಮೃದುವಾಗಿ ಒತ್ತುವ ಪಟ್ಟಿ ಬಳಸಿ ಈ ಓಡಾಟವನ್ನು ಪಳಗಿಸಿದರು. ಈಗ ಉಸಿರಿನ ಜೊತೆ ಚಲಿಸುವ ಸಿಟಿ ಸ್ಕ್ಯಾನ್, ಉಸಿರು ಬಿಗಿಹಿಡಿದ ಕ್ಷಣಕ್ಕೆ ಮಾತ್ರ ಕಿರಣ ಬಿಡುವ ಯಂತ್ರ ಬಂದಿವೆ. ಚಿಕಿತ್ಸೆಗೆ ಮುನ್ನ ರೋಗಿಗೆ ಉಸಿರು ಹಿಡಿಯುವ ಅಭ್ಯಾಸ ಮಾಡಿಸುತ್ತಾರೆ. ಅಲ್ಲಿ ತಂತ್ರಜ್ಞರು ತೆಲುಗಿನಲ್ಲೋ ಹಿಂದಿಯಲ್ಲೋ “ಉಸಿರು ಹಿಡಿಯಿರಿ” ಎಂದದ್ದು ಗಾಣಗಾಪುರದ ಅಜ್ಜಿಗೆ ಅರ್ಥವಾಗುವಂತೆ ಮೊದಲೇ ಹೇಳಿಕೊಡುವ ಒಬ್ಬ ಮೊಮ್ಮಗ ಜೊತೆಗಿದ್ದರೆ ಚಿಕಿತ್ಸೆಯ ನಿಖರತೆಗೇ ಸಹಾಯ.

ಇದರ ಪರವಾಗಿ ಗಟ್ಟಿ ಸಾಕ್ಷಿಯೂ ಬಂದಿದೆ. ಉತ್ತರ ಅಮೆರಿಕದ ಆರ್‌ಟಿಒಜಿ 1112 ಎಂಬ ಅಧ್ಯಯನದಲ್ಲಿ ಬರೀ ಸೊರಾಫೆನಿಬ್ ಪಡೆದವರ ಮಧ್ಯಮ ಆಯಸ್ಸು 12.3 ತಿಂಗಳು, ಎಸ್‌ಬಿಆರ್‌ಟಿ ಮೊದಲು ಕೊಟ್ಟು ಮಾತ್ರೆ ಕೊಟ್ಟವರದು 15.8. ಮೂರೂವರೆ ತಿಂಗಳು ಎಂದರೆ ಕಡಿಮೆಯೇ? ಮಗಳ ಮದುವೆಗೆ ದಿನ ಗೊತ್ತು ಮಾಡಿಕೊಂಡ ಮನೆಯವರನ್ನು ಕೇಳಬೇಕು.

ಕೊಳವೆಯ ದಾರಿಗೆ ಅಪಧಮನಿಯ ಚಿತ್ರಣ, ಅಣುವೈದ್ಯಕೀಯ, ವಿಕಿರಣ ಭೌತವಿಜ್ಞಾನ ಎಲ್ಲ ಒಂದೇ ಸೂರಿನಡಿ ಬೇಕು. ಎಸ್‌ಬಿಆರ್‌ಟಿಗೆ ಕಿರಣ ಬಿಡುವ ಒಳ್ಳೆಯ ಲಿನಾಕ್ ಯಂತ್ರ ಮತ್ತು ತಾಳ್ಮೆಯ ತಂಡ ಸಾಕು. ಸರ್ಕಾರಿ ವ್ಯವಸ್ಥೆಯಲ್ಲಿ ಹೆಚ್ಚು ಜನರಿಗೆ ಬೇಗ ತಲುಪಬಲ್ಲದ್ದು ಈ ಎರಡನೆಯದೇ ಎಂಬುದು ನನ್ನ ಅನಿಸಿಕೆ. ಕಲಬುರಗಿಯಂಥ ಊರುಗಳ ಕ್ಯಾನ್ಸರ್ ಕೇಂದ್ರಗಳಿಗೆ ಹಣ ಹಾಕುವಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ದುಡ್ಡಿನ ಮಾತು

ಹೊರದೇಶದಿಂದ ತರಿಸುವ ಯಿಟ್ರಿಯಂ ಡೋಸಿಗೆ ಹಲವು ಲಕ್ಷ ರೂಪಾಯಿ. ಅದು ವಿಮಾನದಲ್ಲಿ ಬರುವಾಗಲೇ ಕರಗುತ್ತಿರುತ್ತದೆ. 64 ಗಂಟೆಗೆ ಅರ್ಧ. ಗೊತ್ತುಪಡಿಸಿದ ದಿನ ರೋಗಿಗೆ ಜ್ವರ ಬಂದರೆ, ಬಸ್ಸು ತಪ್ಪಿದರೆ, ಲಕ್ಷಗಳು ಸೀಸೆಯಲ್ಲೇ ಆರಿಹೋಗುತ್ತವೆ.

ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಯಿಟ್ರಿಯಂ-90ರ ಗಾಜಿನ ಕಣಗಳನ್ನು ದೇಶದಲ್ಲೇ ತಯಾರಿಸಿದ್ದಾರೆ. ಹೆಸರು ಭಾಭಾಸ್ಫಿಯರ್. ಇದು ಕಡಿಮೆ ಬೆಲೆಗೆ, ಹತ್ತಿರದಿಂದ ಬರಬಲ್ಲದು. ಇದಕ್ಕೂ ಮೊದಲು ಅಯೋಡಿನ್-131 ಮತ್ತು ರೀನಿಯಂ-188 ಅನ್ನು ಲಿಪಿಯೊಡಾಲ್ ಎಂಬ ಎಣ್ಣೆಯಲ್ಲಿ ಬೆರೆಸಿ ಅದೇ ಅಪಧಮನಿಯ ಮೂಲಕ ಕೊಡುವ ಪ್ರಯತ್ನಗಳು ನಡೆದಿವೆ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ರೀನಿಯಂ ಅಧ್ಯಯನದಲ್ಲಿ ಭಾರತವೂ ಭಾಗಿಯಾಗಿತ್ತು. ಬಡ ದೇಶಗಳಿಗೆ ಎಟುಕುವ ವಿಕಿರಣ ಬೇಕೆಂಬ ಹಂಬಲ ಇವೆಲ್ಲದರ ಹಿಂದಿದೆ. ಅಣುಶಕ್ತಿ ಎಂದರೆ ಬಾಂಬು, ವಿದ್ಯುತ್ತು ಎಂದಷ್ಟೇ ಮಾತಾಡುವ ನಾವು ಈ ಕೆಲಸದ ಬಗ್ಗೆ ಇನ್ನಷ್ಟು ಮಾತಾಡಬೇಕಿತ್ತು.

ಸನತ್‌ನಗರದ ಇಎಸ್‌ಐ ಆಸ್ಪತ್ರೆಯ ಜೊತೆ 2016ರಿಂದ ವೈದ್ಯಕೀಯ ಕಾಲೇಜೂ ಇದೆ. ಕಲಬುರಗಿಯಲ್ಲೂ ಇಎಸ್‌ಐ ಮೆಡಿಕಲ್ ಕಾಲೇಜು ಇದೆ. ಕಾರ್ಖಾನೆ ಕಾರ್ಮಿಕ, ಸೆಕ್ಯುರಿಟಿ ಗಾರ್ಡ್, ಅಂಗಡಿಯ ಸೇಲ್ಸ್‌ಮನ್ ಇವರೆಲ್ಲರ ಸಂಬಳದಿಂದ ತಿಂಗಳು ತಿಂಗಳು ಮುರಿದುಕೊಂಡ ಹಣದ ವ್ಯವಸ್ಥೆ ಇದು, ದಾನವಲ್ಲ, ಹಕ್ಕು. ಆದರೆ ಗುತ್ತಿಗೆದಾರ ಕಂತು ತುಂಬದೆ ಬಿಟ್ಟದ್ದು ಗೊತ್ತಾಗುವುದು ಕಾಯಿಲೆ ಬಿದ್ದ ದಿನ. ಮೈ ಸರಿಯಿರುವಾಗಲೇ ಇಎಸ್‌ಐ ಖಾತೆಯಲ್ಲಿ ಕಂತು ಜಮೆಯಾಗುತ್ತಿದೆಯೇ ಎಂದು ನೋಡಿಕೊಳ್ಳುವುದು ಮನೆಯ ಯಾರಾದರೂ ಓದಿದ ಹುಡುಗ-ಹುಡುಗಿ ಮೊಬೈಲಿನಲ್ಲೇ ಮಾಡಬಹುದಾದ ಕೆಲಸ.

ಪೆಟ್ಟಿಗೆಯೊಳಗಿನ ಸಂಗತಿ: ಇಎಸ್‌ಐ ಕಾರ್ಡ್ ಇದ್ದವರಿಗೆ
ಇಎಸ್‌ಐ ಯೋಜನೆ 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಶುರುವಾಯಿತು. 2019ರ ಜುಲೈಯಿಂದ ವೇತನದ 0.75 ಪರ್ಸೆಂಟ್ ಕಾರ್ಮಿಕರದು, 3.25 ಪರ್ಸೆಂಟ್ ಮಾಲೀಕರದು. ತನ್ನಲ್ಲಿ ಇಲ್ಲದ ಸೂಪರ್ ಸ್ಪೆಷಾಲಿಟಿ ಚಿಕಿತ್ಸೆಗೆ ಇಎಸ್‌ಐ ಆಸ್ಪತ್ರೆ ಟೈ-ಅಪ್ ಆಸ್ಪತ್ರೆಗೆ ಬರೆದುಕೊಡಬಹುದು. ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ: ಕ್ಯಾನ್ಸರ್ ಸೇರಿದಂತೆ 34 ದೀರ್ಘ ಕಾಯಿಲೆಗಳಿಗೆ, ಸೇವೆ ಮತ್ತು ಕಂತಿನ ಷರತ್ತು ಪೂರೈಸಿದವರಿಗೆ, ವೇತನದ 80 ಪರ್ಸೆಂಟನ್ನು ಎರಡು ವರ್ಷದವರೆಗೆ ಭತ್ಯೆಯಾಗಿ ಕೊಡುವ ನಿಯಮವಿದೆ.

ಇದೇ ರಸ್ತೆ, ಇದೇ ಊರು

ಗಡ್ಡೆ ಎದ್ದ ಮೇಲಿನ ವಿದ್ಯೆ ಎಷ್ಟೇ ದೊಡ್ಡದಿರಲಿ, ಅದಕ್ಕಿಂತ ಹಿಂದಿನ ಕತೆಯೂ ಈ ಊರಿನದೇ.

ಹೆಪಟೈಟಿಸ್ ಬಿ ವೈರಸ್ಸಿನ ಜಾಡು ಹಿಡಿದ ಬರೂಚ್ ಬ್ಲಂಬರ್ಗ್ 1976ರಲ್ಲಿ ನೊಬೆಲ್ ಪಡೆದರು. ಜುಲೈ 28 ಅವರ ಹುಟ್ಟುಹಬ್ಬ; ಹೆಪಟೈಟಿಸ್ ದಿನ ಬಂದದ್ದು ಹಾಗೆ. ಲಸಿಕೆಯೂ ಬಂತು, ಆದರೆ ಭಾರತದಲ್ಲಿ ಆಮದು ಲಸಿಕೆಯ ಬೆಲೆ ಕೂಲಿಕಾರರ ಮನೆಗೆ ಎಟುಕುವಂತಿರಲಿಲ್ಲ. ವರಪ್ರಸಾದ್ ರೆಡ್ಡಿ ಎಂಬ ಎಲೆಕ್ಟ್ರಾನಿಕ್ಸ್ ಎಂಜಿನಿಯರ್ ಹೈದರಾಬಾದಿನಲ್ಲಿ ಶಾಂತಾ ಬಯೊಟೆಕ್ನಿಕ್ಸ್ ಕಟ್ಟಿ, 1997ರಲ್ಲಿ ಶಾನ್‌ವ್ಯಾಕ್-ಬಿ ಹೊರತಂದರು. ಜೀನ್ ತಂತ್ರದಿಂದ ಭಾರತದಲ್ಲಿ ತಯಾರಾದ ಮೊದಲ ಲಸಿಕೆ ಅದು. ಬೆಲೆ ಕುಸಿಯಿತು. 2011ರ ಹೊತ್ತಿಗೆ ಹೆಪಟೈಟಿಸ್ ಬಿ ಲಸಿಕೆ ದೇಶದ ಎಲ್ಲ ಕೂಸುಗಳ ಉಚಿತ ಪಟ್ಟಿಗೆ ಸೇರಿತು.

1984ರಲ್ಲೇ ಶಿಶುಗಳಿಗೆ ಈ ಲಸಿಕೆ ಹಾಕಲು ಶುರು ಮಾಡಿದ ತೈವಾನ್‌ನಲ್ಲಿ ಮಕ್ಕಳ ಯಕೃತ್ತಿನ ಕ್ಯಾನ್ಸರ್ ಸುಮಾರು ಅರ್ಧಕ್ಕೆ ಇಳಿಯಿತು ಎಂದು 1997ರಲ್ಲಿ ವರದಿಯಾಯಿತು. ಲಸಿಕೆಯೊಂದು ಕ್ಯಾನ್ಸರನ್ನು ತಡೆದ ಮೊದಲ ಸಾಕ್ಷಿ.

ಬೀದರ್ ಬಸ್ಸು ಹಾದುಬರುವ ಪಟಾನ್‌ಚೆರುವಿನಲ್ಲಿ ಇಕ್ರಿಸ್ಯಾಟ್ ಕೃಷಿ ಸಂಸ್ಥೆ ಇದೆ. ಶೇಂಗಾ, ಮೆಕ್ಕೆಜೋಳದ ಮೇಲೆ ಬೂಷ್ಟು ಬಂದಾಗ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷ ಯಕೃತ್ತಿನ ಕ್ಯಾನ್ಸರ್‌ಗೆ ನೇರ ಕಾರಣ. ಹೆಪಟೈಟಿಸ್ ಬಿ ಇದ್ದವರಿಗಂತೂ ಅಪಾಯ ಹಲವು ಪಟ್ಟು. ಆ ವಿಷವನ್ನು ಅಗ್ಗದಲ್ಲಿ ಪತ್ತೆಹಚ್ಚುವ ಕಿಟ್ ಮೇಲೆ ಈ ಸಂಸ್ಥೆ ಕೆಲಸ ಮಾಡಿದೆ. ಕಪ್ಪಾದ ಶೇಂಗಾ ಬೀಜವನ್ನು ಆರಿಸಿ ಎಸೆಯದೆ ಹಿಂಡಿಗೋ ಚಟ್ನಿಗೋ ಸೇರಿಸುವ ಅಭ್ಯಾಸ ನಮ್ಮ ಕಡೆ ಇನ್ನೂ ಇದೆ.

2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಬಿ ಮತ್ತು ಸಿ ಎರಡಕ್ಕೂ ತಪಾಸಣೆ, ಔಷಧ ಉಚಿತ. ಸಿ ಆದರೆ ಹೆಚ್ಚಿನವರಿಗೆ ಮೂರು ತಿಂಗಳ ಮಾತ್ರೆಯಲ್ಲಿ ವಾಸಿ. ಬಿ ಆದರೆ ವರ್ಷಗಟ್ಟಲೆ ಮಾತ್ರೆ, ಆದರೆ ವೈರಸ್ ತೆಪ್ಪಗಿರುತ್ತದೆ. ಇದು ಗೊತ್ತಿಲ್ಲದೆ ಕಾಮಣಿಗೆ ಸೊಪ್ಪಿನ ರಸ ಕುಡಿದು, ಕಣ್ಣು ಬೆಳ್ಳಗಾದೊಡನೆ ವಾಸಿಯಾಯಿತೆಂದು ಮರೆತವರೇ ಹತ್ತಿಪ್ಪತ್ತು ವರ್ಷದ ನಂತರ ಫಿಲಂ ಕವರು ಹಿಡಿದು ಬರುವುದುಂಟು. ಸೊಪ್ಪು ಕೊಟ್ಟವರ ಮೇಲೆ ನನಗೆ ಕೋಪವಿಲ್ಲ. ಮೂಲ ವೈರಸ್ಸೇ ಎಂದು ನೋಡಲು ಒಂದು ರಕ್ತಪರೀಕ್ಷೆ ಹೇಳದಿದ್ದರ ಬಗ್ಗೆ ಇದೆ.

ಹೆಪಟೈಟಿಸ್ ಬಿ ತಾಯಿಯಿಂದ ಮಗುವಿಗೆ, ಗಂಡ-ಹೆಂಡಿರ ನಡುವೆ, ಒಂದೇ ಬ್ಲೇಡಿನಿಂದ ಹರಡುತ್ತದೆ. ಆದ್ದರಿಂದ ಒಬ್ಬರಿಗೆ ಇದೆಯೆಂದು ಗೊತ್ತಾದರೆ ಅವರ ಒಡಹುಟ್ಟಿದವರು, ಹೆಂಡತಿ ಅಥವಾ ಗಂಡ, ಮಕ್ಕಳು ಎಲ್ಲರೂ ಎಚ್‌ಬಿಎಸ್‌ಎಜಿ ಪರೀಕ್ಷೆ ಮಾಡಿಸಬೇಕು. ವೈರಸ್ ಇಲ್ಲದವರು, ಮೊದಲೇ ರಕ್ಷಣೆ ಇಲ್ಲದಿದ್ದರೆ, ಮೂರು ಸಲ ಲಸಿಕೆ ಹಾಕಿಸಿಕೊಳ್ಳಬೇಕು: ಇಂದು, ಒಂದು ತಿಂಗಳಿಗೆ, ಆರು ತಿಂಗಳಿಗೆ. ವೈರಸ್ ಇದ್ದವರು ವೈದ್ಯರ ನಿಗಾದಲ್ಲಿರಬೇಕು. ಸಿರೋಸಿಸ್ ಆಗಿದ್ದರೆ ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ತಪ್ಪಿಸಬಾರದು. ಎರಡು ಸೆಂಟಿಮೀಟರಿನ ಗಡ್ಡೆ ಸಿಗುವುದು ಹಾಗೆ, ಆಪರೇಷನ್ ಇನ್ನೂ ಆಗುವ ಕಾಲದಲ್ಲಿ.